ಬೈಕ್ ಚಕ್ರ ಒಣಗಿದ ಮೇಲೂ ಹೊಳೆಯಬೇಕಾ? ಚೈನಿನಿಂದ ಶುರು ಮಾಡಿ

ಭಾನುವಾರ ಬೆಳಿಗ್ಗೆ ಕೂತು ಬೈಕ್ ತೊಳೆಯುತ್ತೀರಿ. ಒದ್ದೆ ಇರುವಾಗ ಚಕ್ರಗಳು ಶೋರೂಮಿನಿಂದ ಈಗಷ್ಟೇ ಬಂದ ಹಾಗೆ ಕಾಣುತ್ತವೆ. ಅರ್ಧ ಗಂಟೆಯಲ್ಲಿ ನೀರು ಆರುತ್ತದೆ. ರಿಮ್ ಮೇಲೆ ಬಿಳಿ ಚುಕ್ಕೆ ಮೂಡುತ್ತದೆ, ಮಂಕು ಕವಿಯುತ್ತದೆ. ಮಂಗಳವಾರದ ಹೊತ್ತಿಗೆ ಹಿಂದಿನ ಚಕ್ರದ ತುಂಬ ಕಪ್ಪು ಎಣ್ಣೆಯ ಹನಿ. ಮುಂದಿನ ಭಾನುವಾರ ಇನ್ನೂ ಜೋರಾಗಿ ಉಜ್ಜುತ್ತೀರಿ. ಆರು ತಿಂಗಳಲ್ಲಿ ರಿಮ್ ತುಂಬ ಕೂದಲೆಳೆಯಂಥ ಗೀರು.

ಇಷ್ಟಾದ ಮೇಲೆ ಎಲ್ಲರೂ ಕೇಳುವುದು ಒಂದೇ: ಯಾವ ಪಾಲಿಶ್ ತಗೊಳ್ಳಲಿ? ಪಾಲಿಶ್ ಬದಲಾಯಿಸಿದರೆ ಇದು ಸರಿಹೋಗುವುದಿಲ್ಲ. ತಪ್ಪಾಗುತ್ತಿರುವುದು ಕೆಲಸದ ಸರದಿಯಲ್ಲಿ. ಚಕ್ರ ತೊಳೆದಾದ ಮೇಲೆ ಚೈನ್ ಕ್ಲೀನ್ ಮಾಡುತ್ತೇವೆ, ಆ ಕೊಳೆಯೆಲ್ಲ ತೊಳೆದ ರಿಮ್ಮಿಗೇ ಹಾರುತ್ತದೆ. ಮಣ್ಣು ನೆನೆಯುವ ಮೊದಲೇ ಬಟ್ಟೆ ಹಾಕುತ್ತೇವೆ. ನೀರನ್ನು ಬಿಸಿಲಿಗೆ ಆರಲು ಬಿಡುತ್ತೇವೆ. ಈ ಮೂರನ್ನು ಸರಿಪಡಿಸಿಕೊಂಡರೆ ಸಾಮಾನ್ಯ ಶಾಂಪೂನಲ್ಲೇ ಚಕ್ರ ಹೊಳೆಯುತ್ತದೆ.

## ನಿಮ್ಮ ಚಕ್ರ ಯಾವ ಬಗೆಯದು?

ಒಂದು ಬಗೆಯ ರಿಮ್ಮಿಗೆ ಒಗ್ಗುವ ಪಾಲಿಶ್ ಇನ್ನೊಂದನ್ನು ಹಾಳು ಮಾಡುತ್ತದೆ. ಹಾಗಾಗಿ ಬಕೆಟ್ ಎತ್ತುವ ಮೊದಲು ಇದನ್ನು ಗೊತ್ತುಮಾಡಿಕೊಳ್ಳಿ.

ಬಣ್ಣ ಹೊಡೆದ ಅಲಾಯ್. ಈಗಿನ ಹೆಚ್ಚಿನ ಬೈಕುಗಳಲ್ಲಿ ಇರುವುದು ಇದೇ. ಅಲ್ಯೂಮಿನಿಯಂ ಮೇಲೆ ಕಪ್ಪು, ಬೂದು ಅಥವಾ ಬೆಳ್ಳಿ ಬಣ್ಣ. ಇಲ್ಲಿ ನೀವು ತೊಳೆಯುತ್ತಿರುವುದು ಲೋಹವನ್ನಲ್ಲ, ಬಣ್ಣವನ್ನು. ಬೈಕಿನ ಟ್ಯಾಂಕನ್ನು ಎಷ್ಟು ನಾಜೂಕಾಗಿ ಒರೆಸುತ್ತೀರೋ ಇದನ್ನೂ ಅಷ್ಟೇ ನಾಜೂಕಾಗಿ ನೋಡಿಕೊಳ್ಳಬೇಕು.

ಮ್ಯಾಟ್ ಕಪ್ಪು ಅಲಾಯ್. ಹೊಳಪಿಲ್ಲದಿರುವುದೇ ಇದರ ಅಂದ. ಪಾಲಿಶ್, ಸಾಮಾನ್ಯ ವ್ಯಾಕ್ಸ್ ಎರಡೂ ಬೇಡ. ಹಾಕಿದರೆ ಅಲ್ಲಲ್ಲಿ ಎಣ್ಣೆ ಚೆಲ್ಲಿದ ಹಾಗೆ ಮಿಂಚುತ್ತದೆ, ಆಮೇಲೆ ಮೊದಲಿನ ಹಾಗೆ ಆಗುವುದು ಕಷ್ಟ.

ಕ್ರೋಮ್ ರಿಮ್, ಸ್ಪೋಕ್ ಚಕ್ರ. ಹಳೆಯ ಯೆಜ್ಡಿ, ಬುಲೆಟ್‌ಗಳಲ್ಲಿ ಇರುವಂಥದ್ದು. ಒಳಗೆ ಉಕ್ಕು, ಅದರ ಮೇಲೆ ನಿಕಲ್, ಎಲ್ಲಕ್ಕಿಂತ ಮೇಲೆ ತೀರಾ ತೆಳ್ಳಗಿನ ಕ್ರೋಮ್. ಆ ಕ್ರೋಮಿನಲ್ಲಿ ಕಣ್ಣಿಗೆ ಕಾಣದ ಬಿರುಕು, ರಂಧ್ರಗಳಿರುತ್ತವೆ. ತೇವ ಅದರೊಳಗೆ ಇಳಿದು ಉಕ್ಕನ್ನು ಮುಟ್ಟಿದರೆ ತುಕ್ಕು ಒಳಗಿನಿಂದ ಹೊರಕ್ಕೆ ಬರುತ್ತದೆ.

ಬಣ್ಣವಿಲ್ಲದ ಅಲ್ಯೂಮಿನಿಯಂ. ಕೆಲವು ರಿಮ್‌ಗಳಲ್ಲಿ, ಚಕ್ರದ ನಡುವಿನ ಹಬ್‌ಗಳಲ್ಲಿ ಲೋಹವೇ ಬೋಳಾಗಿ ಕಾಣುತ್ತದೆ. ಇನ್ನು ಕೆಲವು ಬೋಳಾಗಿ ಕಂಡರೂ ಮೇಲೆ ಪಾರದರ್ಶಕ ಲ್ಯಾಕರ್ ಇರುತ್ತದೆ. ಯಾವುದು ಅಂತ ತಿಳಿಯಲು ಒಂದು ಪರೀಕ್ಷೆ ಇದೆ. ಬಿಳಿ ಬಟ್ಟೆಗೆ ಬಟಾಣಿ ಕಾಳಿನಷ್ಟು ಮೆಟಲ್ ಪಾಲಿಶ್ ಹಾಕಿ, ಕಣ್ಣಿಗೆ ಬೀಳದ ಜಾಗದಲ್ಲಿ ನಾಲ್ಕು ಸಲ ಉಜ್ಜಿ. ಬಟ್ಟೆ ಕಪ್ಪಾದರೆ ಬೋಳು ಅಲ್ಯೂಮಿನಿಯಂ. ಕಪ್ಪಾಗದಿದ್ದರೆ ಮೇಲೆ ಲ್ಯಾಕರ್ ಇದೆ, ಅದನ್ನು ಬಣ್ಣದ ಅಲಾಯ್ ಹಾಗೆಯೇ ನೋಡಿಕೊಳ್ಳಿ.

## ಏನೇನು ಬೇಕು

ಬಕೆಟ್ ಎರಡು. ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ಬರೀ ನೀರು. ಎರಡನೇ ಬಕೆಟ್ ಯಾಕೆ ಅಂತ ಅನ್ನಿಸಬಹುದು. ಒಂದೇ ಬಕೆಟ್ ಆದರೆ ರಿಮ್ಮಿನಿಂದ ತೆಗೆದ ಮರಳನ್ನೇ ಮತ್ತೆ ಅದ್ದಿಕೊಂಡು ರಿಮ್ಮಿಗೆ ಉಜ್ಜಿದ ಹಾಗಾಗುತ್ತದೆ.

ಕಾರ್ ಅಥವಾ ಬೈಕ್ ಶಾಂಪೂ, ಎರಡು ಮೂರು ಮೈಕ್ರೋಫೈಬರ್ ಬಟ್ಟೆ, ಹಳೇ ಟೂತ್ ಬ್ರಷ್ ಎರಡು (ಒಂದು ಚೈನಿಗೆ, ಒಂದು ಚಕ್ರಕ್ಕೆ), ಬಾಟಲಿ ತೊಳೆಯುವ ಉದ್ದ ಬ್ರಷ್, ಪೇಂಟ್ ಹೊಡೆಯುವ ಒಂದಿಂಚಿನ ಮೆತ್ತನೆ ಬ್ರಷ್, ಕೈಗೆ ರಬ್ಬರ್ ಗ್ಲೌಸ್. ಚೈನಿಗೆ ಚೈನ್ ಕ್ಲೀನರ್ ಅಥವಾ ಸೀಮೆಎಣ್ಣೆ. ಡಿಸ್ಕಿಗೆ ಬ್ರೇಕ್ ಕ್ಲೀನರ್ ಅಥವಾ ಐಸೊಪ್ರೊಪೈಲ್ ಆಲ್ಕೋಹಾಲ್. ಮೈಕ್ರೋಫೈಬರ್ ಸಿಗದಿದ್ದರೆ ಒಗೆದು ಮೆತ್ತಗಾದ ಹಳೇ ಬನಿಯನ್ ನಡೆಯುತ್ತದೆ. ಚಕ್ರಕ್ಕೆ ಬಳಸಿದ ಬಟ್ಟೆಯನ್ನು ಟ್ಯಾಂಕಿಗೆ ಮಾತ್ರ ತಾಗಿಸಬೇಡಿ.

## ಹತ್ತಿರಕ್ಕೂ ತರಬಾರದ್ದು

ಟಾಯ್ಲೆಟ್ ಕ್ಲೀನರ್, ಆಸಿಡ್. ನನ್ನ ಪರಿಚಯದವರೊಬ್ಬರು ಕ್ರೋಮ್ ರಿಮ್ಮಿನ ಹಳೇ ಬೈಕನ್ನು ಜೋಪಾನವಾಗಿ ಇಟ್ಟುಕೊಂಡಿದ್ದರು. ಒಂದು ದಿನ ವಾಟರ್ ಸರ್ವಿಸ್‌ಗೆ ಬಿಟ್ಟರು. ಅಲ್ಲಿನ ಹುಡುಗ ಬೇಗ ಕೆಲಸ ಮುಗಿಯಲಿ ಅಂತ ಟಾಯ್ಲೆಟ್ ಕ್ಲೀನರ್ ಸುರಿದು ಉಜ್ಜಿದ. ಅವತ್ತು ರಿಮ್ ಕನ್ನಡಿ ಹಾಗಿತ್ತು. ಹತ್ತು ದಿನ ಕಳೆದು ನೋಡಿದರೆ ಒಂದೊಂದು ಸ್ಪೋಕಿನ ಬುಡದಲ್ಲೂ ಕಿತ್ತಳೆ ಬಣ್ಣದ ಉಂಗುರ. ಬೆರಳಿಟ್ಟರೆ ಪುಡಿ ಅಂಟುತ್ತಿತ್ತು. ಇಂಥ ಕ್ಲೀನರ್‌ಗಳಲ್ಲಿ ಸಾಮಾನ್ಯವಾಗಿ ಹೈಡ್ರೋಕ್ಲೋರಿಕ್ ಆಸಿಡ್ ಇರುತ್ತದೆ. ಅದು ಕ್ರೋಮನ್ನೂ ತಿನ್ನುತ್ತದೆ, ಅಲ್ಯೂಮಿನಿಯಮ್ಮನ್ನೂ ತಿನ್ನುತ್ತದೆ. ಸಂದಿಯಲ್ಲಿ ಉಳಿದದ್ದು ತೊಳೆದ ಮೇಲೂ ಕೆಲಸ ಮಾಡುತ್ತಲೇ ಇರುತ್ತದೆ. ಬೈಕನ್ನು ಹೊರಗೆ ತೊಳೆಯಲು ಕೊಡುವಾಗ 'ಆಸಿಡ್ ಹಾಕಬೇಡಿ' ಅಂತ ಬಾಯಿಬಿಟ್ಟು ಹೇಳಿ.

ಕಾಸ್ಟಿಕ್ ಸೋಡಾ ಇರುವ ಪುಡಿ, ದ್ರಾವಣ. ಅಲ್ಯೂಮಿನಿಯಂ ಇದಕ್ಕೆ ಕರಗುತ್ತದೆ. ಮೇಲ್ಮೈ ಬೂದಿ ಬಣ್ಣಕ್ಕೆ ತಿರುಗಿದರೆ ಮತ್ತೆ ಸರಿಯಾಗುವುದಿಲ್ಲ.

ಪಾತ್ರೆ ಉಜ್ಜುವ ಸ್ಟೀಲ್ ಜುಂಗು, ಹಸಿರು ಸ್ಕ್ರಬ್ಬರ್, ಉಪ್ಪುಕಾಗದ. ಕೊಳೆಯ ಜೊತೆ ಬಣ್ಣವೂ ಹೋಗುತ್ತದೆ.

ಡೀಸೆಲ್ ಸ್ಪ್ರೇ. ವಾಟರ್ ಸರ್ವಿಸ್‌ಗಳಲ್ಲಿ ಕೊನೆಗೆ ಇದನ್ನು ಹೊಡೆದು ಹೊಳಪು ತೋರಿಸುವ ರೂಢಿ ಇದೆ. ಹೊಳೆಯುವುದು ಚಕ್ರವಲ್ಲ, ಎಣ್ಣೆ. ಮನೆ ಮುಟ್ಟುವಷ್ಟರಲ್ಲಿ ಅದರ ಮೇಲೆ ದೂಳು ಕೂತಿರುತ್ತದೆ. ಅಷ್ಟೇ ಆಗಿದ್ದರೆ ಬಿಡಬಹುದಿತ್ತು. ಡಿಸ್ಕ್ ಮೇಲೆ ಬಿದ್ದರೆ ಬ್ರೇಕ್ ಹಿಡಿಯುವುದಿಲ್ಲ, ಟೈರಿನ ರಬ್ಬರಿಗೂ ಒಳ್ಳೆಯದಲ್ಲ.

## ಹಂತ 1: ತಣ್ಣಗಾಗಲಿ, ಗಟ್ಟಿಯಾಗಿ ನಿಲ್ಲಲಿ

ಓಡಿಸಿ ಬಂದ ಕೂಡಲೇ ನೀರು ಹಾಕಬೇಡಿ. ಅರ್ಧ ಗಂಟೆ ನೆರಳಲ್ಲಿ ನಿಲ್ಲಿಸಿ. ಬಿಸಿ ಚಕ್ರದ ಮೇಲೆ ಶಾಂಪೂ ಕೂಡಲೇ ಒಣಗಿ ಕಲೆ ಕಟ್ಟುತ್ತದೆ. ಡಿಸ್ಕ್, ಸೈಲೆನ್ಸರ್ ಕೈ ಸುಡುತ್ತವೆ.

ಸೆಂಟರ್ ಸ್ಟ್ಯಾಂಡ್ ಹಾಕಿ ಗೇರನ್ನು ನ್ಯೂಟ್ರಲ್‌ಗೆ ತನ್ನಿ. ಸೆಂಟರ್ ಸ್ಟ್ಯಾಂಡ್ ಇಲ್ಲದಿದ್ದರೆ, ಹಿಂದಿನ ಚಕ್ರವನ್ನು ನೆಲದಿಂದ ಎತ್ತಿ ಹಿಡಿಯುವ ಪ್ಯಾಡಕ್ ಸ್ಟ್ಯಾಂಡ್. ಅದೂ ಇಲ್ಲದಿದ್ದರೆ ಸಮತಟ್ಟಾದ ನೆಲದಲ್ಲಿ ಸೈಡ್ ಸ್ಟ್ಯಾಂಡ್ ಹಾಕಿ. ಚಕ್ರದ ಕಾಲು ಭಾಗ ಮುಗಿಸಿ, ಬೈಕನ್ನು ಒಂದೂವರೆ ಅಡಿ ತಳ್ಳಿ, ಮುಂದಿನ ಕಾಲು ಭಾಗ. ನಿಧಾನ, ಆದರೆ ಕೆಲಸ ಆಗುತ್ತದೆ.

ಇಲ್ಲಿ ಒಂದು ಮಾತು ಕಡ್ಡಾಯವಾಗಿ ಕೇಳಿ. ಎಂಜಿನ್ ಸ್ಟಾರ್ಟ್ ಮಾಡಿ, ಗೇರಿಗೆ ಹಾಕಿ, ಹಿಂದಿನ ಚಕ್ರ ತಾನಾಗಿ ತಿರುಗುವಾಗ ಬಟ್ಟೆ ಹಿಡಿಯಬೇಡಿ. ಸುಲಭ ಅಂತ ಎಷ್ಟೋ ಜನ ಹೀಗೆ ಮಾಡುತ್ತಾರೆ. ಬಟ್ಟೆಯ ಒಂದು ಎಳೆ ಚೈನಿಗೆ ಸಿಕ್ಕರೆ ಸಾಕು, ಬಟ್ಟೆಯನ್ನೂ ಅದನ್ನು ಹಿಡಿದ ಬೆರಳನ್ನೂ ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲಿನ ಗಾಲಿ) ಒಳಕ್ಕೆ ಎಳೆದುಕೊಳ್ಳುತ್ತದೆ. ಕೈ ಬಿಡಬೇಕು ಅಂತ ಹೊಳೆಯುವಷ್ಟರಲ್ಲಿ ಬೆರಳು ಹೋಗಿರುತ್ತದೆ. ಕೀ ತೆಗೆದು ಜೇಬಲ್ಲಿಟ್ಟುಕೊಂಡೇ ಕೂರಿ. ಚಕ್ರವನ್ನು ಕೈಯಿಂದ ತಿರುಗಿಸಿ, ಅದು ನಿಂತ ಮೇಲೆ ಒರೆಸಿ. ಪಕ್ಕದಲ್ಲಿ ಮಕ್ಕಳಿದ್ದರೆ ಚೈನಿನ ಕಡೆ ಬರದಂತೆ ನೋಡಿಕೊಳ್ಳಿ.

## ಹಂತ 2: ಮೊದಲು ಚೈನ್

ಹಿಂದಿನ ರಿಮ್ ಮೇಲಿನ ಕಪ್ಪು ಹನಿಗಳೆಲ್ಲ ಚೈನಿನಿಂದಲೇ ಬಂದವು. ಅದಕ್ಕೇ ಚೈನ್ ಮೊದಲು, ಚಕ್ರ ಆಮೇಲೆ.

ಚೈನ್ ಮತ್ತು ಟೈರಿನ ನಡುವೆ ಒಂದು ರಟ್ಟು ಅಥವಾ ದಪ್ಪ ಪೇಪರ್ ಹಿಡಿಯಿರಿ. ಚೈನ್ ಕ್ಲೀನರ್ ಸಿಂಪಡಿಸಿ, ಅಥವಾ ಬ್ರಷ್ಷನ್ನು ಸೀಮೆಎಣ್ಣೆಗೆ ಅದ್ದಿ ನಾಲ್ಕೂ ಕಡೆ ಉಜ್ಜಿ. ವೈರ್ ಬ್ರಷ್ ಬೇಡ, ಚೈನಿನ ಕೊಂಡಿಗಳ ನಡುವಿನ ರಬ್ಬರ್ ಉಂಗುರ ಹರಿಯುತ್ತದೆ. ಪೆಟ್ರೋಲ್ ಖಂಡಿತ ಬೇಡ. ಅದು ಆ ರಬ್ಬರನ್ನು ಒಣಗಿಸುತ್ತದೆ, ಬೆಂಕಿಯ ಭಯ ಬೇರೆ. ಸ್ಪ್ರಾಕೆಟ್ ಹಲ್ಲುಗಳ ಸಂದಿಯಲ್ಲಿ ಎಣ್ಣೆ ಮತ್ತು ಮಣ್ಣು ಸೇರಿ ಕಪ್ಪು ಜೇಡಿಯ ಹಾಗೆ ಗಟ್ಟಿಯಾಗಿರುತ್ತದೆ. ಅದನ್ನು ಐಸ್‌ಕ್ರೀಂ ಕಡ್ಡಿಯಲ್ಲಿ ಕೆರೆದು ತೆಗೆಯಿರಿ. ಅದನ್ನು ಹಾಗೇ ಬಿಟ್ಟರೆ ಚೈನ್ ಎಷ್ಟು ತೊಳೆದರೂ ಎರಡೇ ದಿನಕ್ಕೆ ಮತ್ತೆ ಕಪ್ಪು.

ಹಳೇ ಬಟ್ಟೆಯಲ್ಲಿ ಚೈನ್ ಒರೆಸಿ. ಎಣ್ಣೆ ಈಗಲೇ ಹಾಕಬೇಡಿ. ಅದು ಕೊನೆಯ ಕೆಲಸ.

## ಹಂತ 3: ಬರೀ ನೀರು, ಕಾಯುವುದು

ಗೀರು ಬೀಳುವುದೆಲ್ಲ ಈ ಹಂತವನ್ನು ಬಿಡುವುದರಿಂದ. ರಸ್ತೆಯ ದೂಳಿನಲ್ಲಿ ಇರುವುದು ಸಣ್ಣ ಮರಳು. ಒಣ ರಿಮ್ ಮೇಲೆ ಬಟ್ಟೆ ಎಳೆದರೆ ಉಪ್ಪುಕಾಗದ ಎಳೆದಂತೆಯೇ.

ಪೈಪಿನಿಂದ ಅಥವಾ ಚೊಂಬಿನಿಂದ ಮೇಲಿನಿಂದ ಕೆಳಕ್ಕೆ ನೀರು ಬಿಡಿ. ಮಡ್‌ಗಾರ್ಡಿನ ಒಳಭಾಗವೂ ತೊಳೆಯಲಿ. ಅದನ್ನು ಬಿಟ್ಟರೆ ಅಲ್ಲಿನ ಕೆಸರು ಕೊನೆಯಲ್ಲಿ ತೊಳೆದ ಚಕ್ರದ ಮೇಲೆ ಸುರಿಯುತ್ತದೆ. ಐದು ನಿಮಿಷ ಬಿಟ್ಟು ಮತ್ತೊಮ್ಮೆ ನೀರು.

ಮಣ್ಣಿಗೆ ತಕ್ಕ ಹಾಗೆ ಸಮಯ ಬದಲಾಗುತ್ತದೆ. ಕೆಮ್ಮಣ್ಣು ಬೇಗ ಬಿಡುತ್ತದೆ, ಆದರೆ ಅದರಲ್ಲಿ ಮರಳು ಜಾಸ್ತಿ. ಗದಗ, ವಿಜಯಪುರ, ಕಲಬುರಗಿ ಕಡೆಯ ಎರೆಮಣ್ಣು ಹಾಗಲ್ಲ. ಮಳೆಯಲ್ಲಿ ಅದು ಮಡ್‌ಗಾರ್ಡಿಗೂ ಟೈರಿಗೂ ನಡುವೆ ಗಿಡಿದುಕೊಂಡು ಚಕ್ರವೇ ತಿರುಗದಂತೆ ಮಾಡುತ್ತದೆ. ಒಣಗಿದರೆ ಇಟ್ಟಿಗೆ. ಅದನ್ನು ಸ್ಕ್ರೂಡ್ರೈವರಿನಲ್ಲಿ ಕೆತ್ತುವವರನ್ನು ನೋಡಿದ್ದೇನೆ, ಹೆಂಟೆಯ ಜೊತೆ ಬಣ್ಣವೂ ಚಕ್ಕೆಯಾಗಿ ಬರುತ್ತದೆ. ಒದ್ದೆ ಗೋಣಿಚೀಲ ಅಥವಾ ಹಳೇ ಪಂಚೆಯನ್ನು ಅದರ ಮೇಲೆ ಹೊದಿಸಿ, ಇಪ್ಪತ್ತು ನಿಮಿಷ ಬಿಡಿ. ಕೈಯಲ್ಲೇ ಬಿಟ್ಟುಕೊಳ್ಳುತ್ತದೆ.

ಪ್ರೆಷರ್ ವಾಷರ್ ಇದ್ದರೆ ಎರಡು ಮೂರು ಅಡಿ ದೂರದಿಂದ ಹಿಡಿಯಿರಿ. ಚಕ್ರದ ನಡುವಿನ ಹಬ್, ಆಕ್ಸಲ್ ಮತ್ತು ಚೈನಿಗೆ ನೇರವಾಗಿ ಹೊಡೆಯಬೇಡಿ. ಬೇರಿಂಗಿನ ಸೀಲ್ ದಾಟಿ ನೀರು ಒಳಗೆ ಹೋದರೆ ಗ್ರೀಸ್ ಹಾಳಾಗುತ್ತದೆ. ಡ್ರಮ್ ಬ್ರೇಕ್ ಇರುವ ಬೈಕಿನಲ್ಲಿ ನೀರು ಡ್ರಮ್ಮಿನ ಒಳಗೂ ಸೇರುತ್ತದೆ.

## ಹಂತ 4: ಅಂಟಿದ ಕಲೆ ತೆಗೆಯುವುದು

ಶಾಂಪೂಗೆ ಬಗ್ಗದ ಮೂರು ಕಲೆಗಳಿವೆ.

ಚೈನ್ ಎಣ್ಣೆ ಮತ್ತು ಡಾಂಬರು. ಬಟ್ಟೆಯ ತುದಿಯನ್ನು ಸೀಮೆಎಣ್ಣೆಯಲ್ಲಿ ತೇವ ಮಾಡಿ, ಕಲೆಯ ಮೇಲೆ ಒಂದು ನಿಮಿಷ ಒತ್ತಿ ಹಿಡಿದು, ಆಮೇಲೆ ಒರೆಸಿ. ಉಜ್ಜಬೇಕಿಲ್ಲ, ಕರಗುತ್ತದೆ. ಚಕ್ರದ ಮೇಲೆ ನೇರವಾಗಿ ಸುರಿಯಬೇಡಿ. ಡಿಸ್ಕಿಗೂ ಟೈರಿಗೂ ತಾಗಬಾರದು.

ಬ್ರೇಕ್ ದೂಳು. ಡಿಸ್ಕ್ ಇರುವ ಕಡೆಯ ರಿಮ್ ಮೇಲೆ ಕಂದು ಬಣ್ಣದ ಸಣ್ಣ ಚುಕ್ಕೆಗಳು ಕಾಣುತ್ತವೆ. ಬ್ರೇಕ್ ಹಿಡಿದಾಗ ಸವೆದ ಕಬ್ಬಿಣದ ಕಣಗಳು ಬಿಸಿಯಾಗಿಯೇ ಹೋಗಿ ಅಂಟಿಕೊಂಡು, ಕೂತಲ್ಲೇ ತುಕ್ಕು ಹಿಡಿದಿರುತ್ತವೆ. ಇದಕ್ಕೆ ಐರನ್ ರಿಮೂವರ್ ಅಂತ ಸ್ಪ್ರೇ ಸಿಗುತ್ತದೆ. ಸಿಂಪಡಿಸಿದರೆ ಕಬ್ಬಿಣ ಇರುವಲ್ಲೆಲ್ಲ ನೇರಳೆ ಬಣ್ಣ ಹರಿಯುತ್ತದೆ, ಕೊಳೆತ ಮೊಟ್ಟೆಯಂಥ ವಾಸನೆ ಬರುತ್ತದೆ. ಹೆದರಬೇಡಿ, ಅದು ಕೆಲಸ ಮಾಡುವ ಬಗೆಯೇ ಹಾಗೆ. ಮೂರರಿಂದ ಐದು ನಿಮಿಷ, ಒಣಗುವ ಮೊದಲೇ ಚೆನ್ನಾಗಿ ತೊಳೆಯಿರಿ. ಗಾಳಿ ಆಡುವ ಜಾಗದಲ್ಲಿ, ಗ್ಲೌಸ್ ಹಾಕಿಕೊಂಡೇ ಮಾಡಿ. ಕ್ರೋಮ್ ಅಥವಾ ಬೋಳು ಅಲ್ಯೂಮಿನಿಯಂ ಆದರೆ ಬಾಟಲಿ ಮೇಲೆ ಅದಕ್ಕೆ ಆಗುತ್ತದೆ ಅಂತ ಬರೆದಿದ್ದರೆ ಮಾತ್ರ ಬಳಸಿ.

ಗಡಸು ನೀರಿನ ಬಿಳಿ ಕಲೆ. ಬೋರ್‌ವೆಲ್ ನೀರಲ್ಲೇ ತೊಳೆಯುವ ನಮ್ಮಲ್ಲಿ ಇದು ಮನೆಮನೆಯ ಪಾಡು. ನೀರು ಆರಿದ ಮೇಲೆ ಉಳಿಯುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣ ಅದು. ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ಬಟ್ಟೆಯಲ್ಲಿ ಅದ್ದಿ ಒರೆಸಿ, ಒಂದೆರಡು ನಿಮಿಷದಲ್ಲಿ ತೊಳೆದುಬಿಡಿ. ಹಚ್ಚಿ ಮರೆತು ಕೂರಬೇಡಿ, ಅದೂ ಹುಳಿಯೇ.

## ಹಂತ 5: ಶಾಂಪೂ

ಬಾಟಲಿ ಮೇಲೆ ಹೇಳಿದಷ್ಟೇ ಶಾಂಪೂ ಬೆರೆಸಿ. ಜಾಸ್ತಿ ಹಾಕಿದರೆ ಜಾಸ್ತಿ ಹೊಳೆಯುವುದಿಲ್ಲ, ತೊಳೆಯುವುದು ಕಷ್ಟವಾಗುತ್ತದೆ ಅಷ್ಟೇ.

ಮುಂದಿನ ಚಕ್ರ ಮೊದಲು, ಹಿಂದಿನದು ಕೊನೆಗೆ. ಹಿಂದಿನದರಲ್ಲಿ ಎಣ್ಣೆ ಇರುವುದರಿಂದ ಅದನ್ನು ಮುಟ್ಟಿದ ಬಟ್ಟೆ ಮುಂದಕ್ಕೆ ಬರಬಾರದು. ಹೊರಗಿನ ಮುಖ ಬಟ್ಟೆಯಿಂದ, ಕಡ್ಡಿಗಳ ನಡುವೆ ಬಾಟಲಿ ಬ್ರಷ್‌ನಿಂದ, ನಟ್ ಬೋಲ್ಟ್ ಸುತ್ತ ಪೇಂಟ್ ಬ್ರಷ್‌ನಿಂದ, ಸ್ಪೋಕಿನ ಬುಡ ಟೂತ್ ಬ್ರಷ್‌ನಿಂದ. ನಾಲ್ಕು ಸಲ ಒರೆಸಿದರೆ ಒಮ್ಮೆ ಬಟ್ಟೆಯನ್ನು ಬರೀ ನೀರಿನ ಬಕೆಟ್‌ನಲ್ಲಿ ಜಾಲಿಸಿ.

ಕಿವಿ ಕೊಟ್ಟು ಕೆಲಸ ಮಾಡಿ. ಬಟ್ಟೆಯ ಕೆಳಗೆ 'ಕರಕರ' ಅಂದರೆ ಅಲ್ಲೇ ನಿಲ್ಲಿಸಿ. ಮರಳು ಇನ್ನೂ ಇದೆ ಅಂತ ಅರ್ಥ. ಮತ್ತೆ ನೀರು ಬಿಡಿ, ಬಟ್ಟೆ ಜಾಲಿಸಿ, ಆಮೇಲೆ ಮುಂದುವರಿಸಿ.

ಎಬಿಎಸ್ ಇರುವ ಬೈಕಿನಲ್ಲಿ ಡಿಸ್ಕಿನ ಪಕ್ಕ ಸಣ್ಣ ಸಣ್ಣ ಕಿಂಡಿಗಳ ಉಂಗುರ ಇರುತ್ತದೆ, ಅದರ ಎದುರಿಗೆ ಸೆನ್ಸರ್. ಬ್ರಷ್‌ನ ಹಿಡಿಯಿಂದ ಅದನ್ನು ಗುದ್ದಬೇಡಿ.

## ಹಂತ 6: ಜಾಲಿಸಿ, ಕೂಡಲೇ ಒರೆಸಿ

ನೊರೆ ಪೂರ್ತಿ ಹೋಗುವ ತನಕ ನೀರು ಬಿಡಿ. ಆಮೇಲೆ ಬಿಸಿಲಿಗೆ ನಿಲ್ಲಿಸಿ ಒಳಗೆ ಹೋಗಬೇಡಿ. ಹೊಳಪು ಉಳಿಯುವುದೋ ಹೋಗುವುದೋ ತೀರ್ಮಾನ ಆಗುವುದು ಈ ಐದು ನಿಮಿಷದಲ್ಲೇ. ಒಣಗಿದ ಮೈಕ್ರೋಫೈಬರ್‌ನಲ್ಲಿ ಒತ್ತಿ ನೀರು ಹೀರಿ. ಚಕ್ರವನ್ನು ಕೈಯಲ್ಲಿ ಜೋರಾಗಿ ಎರಡು ಸುತ್ತು ತಿರುಗಿಸಿದರೆ ಸಂದಿಯ ನೀರು ಚಿಮ್ಮುತ್ತದೆ, ಅದು ನಿಂತ ಮೇಲೆ ಅದನ್ನೂ ಒರೆಸಿ.

ಸ್ಪೋಕ್ ಚಕ್ರದಲ್ಲಿ ಒಂದೊಂದು ಸ್ಪೋಕ್ ರಿಮ್ಮಿಗೆ ಸೇರುವ ಜಾಗಕ್ಕೂ ಬಟ್ಟೆಯ ತುದಿ ತಲುಪಬೇಕು. ಬೇಸರದ ಕೆಲಸ, ಒಪ್ಪುತ್ತೇನೆ. ಆದರೆ ತುಕ್ಕು ಶುರುವಾಗುವುದು ನೀರು ನಿಲ್ಲುವ ಆ ಬುಡದಲ್ಲೇ.

## ಹಂತ 7: ಪಾಲಿಶ್, ಅದೂ ಬೇಕಿದ್ದರೆ

ಬಣ್ಣದ ಅಲಾಯ್‌ಗೆ ಪಾಲಿಶ್ ಅಗತ್ಯವೇ ಇಲ್ಲ. ನೇರ ಮುಂದಿನ ಹಂತಕ್ಕೆ ಹೋಗಿ. ಮ್ಯಾಟ್ ಆದರೆ ಮುಂದಿನ ಹಂತವನ್ನೂ ಬಿಡಿ.

ಕ್ರೋಮ್ ಮೇಲೆ ತುಕ್ಕಿನ ಚುಕ್ಕೆ ಕಂಡರೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಸಾಕು. ಅಂಗೈಯಗಲದ ತುಂಡನ್ನು ಮುದ್ದೆ ಮಾಡಿ, ನೀರಲ್ಲಿ ಅದ್ದಿ, ಹಗುರವಾಗಿ ಉಜ್ಜಿ. ಸ್ವಲ್ಪ ಹೊತ್ತಿಗೆ ಕಂದು ಕೆಸರಿನಂಥದ್ದು ಬಿಡುತ್ತದೆ, ಒರೆಸಿದರೆ ಅಡಿಯಲ್ಲಿ ಕ್ರೋಮ್ ಮಿನುಗುತ್ತದೆ. ಅಲ್ಯೂಮಿನಿಯಂ ಕ್ರೋಮಿಗಿಂತ ಮೆದು, ಆದ್ದರಿಂದ ಗೀರು ಬೀಳುವುದಿಲ್ಲ. ಈ ಉಪಾಯ ಕ್ರೋಮಿಗೆ ಮಾತ್ರ. ಬಣ್ಣಕ್ಕೋ ಅಲಾಯ್‌ಗೋ ಫಾಯಿಲ್ ಮುಟ್ಟಿಸಬೇಡಿ. ಕ್ರೋಮ್ ಪೊರೆಯೇ ಎದ್ದು ಬಂದಿದ್ದರೆ ಯಾವ ಉಜ್ಜಾಟವೂ ಫಲ ಕೊಡುವುದಿಲ್ಲ. ಆಗ ಉಳಿಯುವುದು ಮತ್ತೆ ಪ್ಲೇಟಿಂಗ್ ಮಾಡಿಸುವುದು ಅಥವಾ ರಿಮ್ ಬದಲಿಸುವುದು.

ಬೋಳು ಅಲ್ಯೂಮಿನಿಯಮ್ಮಿಗೆ ಮೆಟಲ್ ಪಾಲಿಶ್. ಒಮ್ಮೆಗೆ ಅಂಗೈಯಷ್ಟು ಜಾಗ ಮಾತ್ರ. ಬಟ್ಟೆ ಕಪ್ಪಾಗುತ್ತಾ ಹೋಗುತ್ತದೆ, ಬದಿ ಬದಲಿಸುತ್ತಾ ಉಜ್ಜಿ, ಕೊನೆಗೆ ಶುದ್ಧ ಬಟ್ಟೆಯಲ್ಲಿ ಒರೆಸಿ. ವರ್ಷಕ್ಕೆ ಎರಡು ಸಲ ಸಾಕು. ಪಾಲಿಶ್ ಮಾಡುವುದೆಂದರೆ ಲೋಹದ ಮೇಲ್ಪದರವನ್ನು ಸವೆಸುವುದೇ ಅಲ್ವಾ?

## ಹಂತ 8: ವ್ಯಾಕ್ಸ್

ಹೊಳಪು ತಿಂಗಳುಗಟ್ಟಲೆ ಉಳಿಯಬೇಕೆಂದರೆ ಇದು ಬೇಕು. ವ್ಯಾಕ್ಸ್ ಹಚ್ಚಿದ ರಿಮ್ ಮೇಲೆ ಕೆಸರೂ ಬ್ರೇಕ್ ದೂಳೂ ಗಟ್ಟಿಯಾಗಿ ಕೂರುವುದಿಲ್ಲ. ಮುಂದಿನ ಸಲದ ಕೆಲಸ ಅರ್ಧಕ್ಕಿಳಿಯುತ್ತದೆ.

ರಿಮ್ ಪೂರ್ತಿ ಒಣಗಿರಬೇಕು. ಸ್ಪಾಂಜಿಗೆ ಚೂರೇ ಚೂರು ತೆಗೆದುಕೊಂಡು ತೆಳ್ಳಗೆ ಹಚ್ಚಿ. ಹತ್ತು ಹದಿನೈದು ನಿಮಿಷದಲ್ಲಿ ಮಂಜು ಕವಿದಂತಾಗುತ್ತದೆ. ಆಗ ಒರೆಸಿ ತೆಗೆಯಿರಿ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ, ಬೇಸಿಗೆಯಲ್ಲಿ ಎರಡು ತಿಂಗಳಿಗೊಮ್ಮೆ ಹಚ್ಚಿದರೆ ಆಯಿತು. ಕ್ರೋಮಿಗೆ ಇದನ್ನು ತಪ್ಪಿಸಬೇಡಿ, ಆ ರಂಧ್ರಗಳನ್ನು ಮುಚ್ಚುವುದು ಇದೇ.

ಎರಡು ಜಾಗಕ್ಕೆ ವ್ಯಾಕ್ಸ್, ಪಾಲಿಶ್, ಸ್ಪ್ರೇ ಯಾವುದೂ ತಾಗಬಾರದು: ಡಿಸ್ಕ್ ಮತ್ತು ಟೈರಿನ ಓಡುವ ಮುಖ. ಟೈರ್ ಪಾಲಿಶ್ ಕಾರಿಗೆ ಹಾಕುವುದನ್ನು ನೋಡಿ ಬೈಕಿಗೂ ಬಳಿಯುತ್ತಾರೆ. ಕಾರು ವಾಲುವುದಿಲ್ಲ. ಬೈಕ್ ತಿರುವಿನಲ್ಲಿ ವಾಲಿದಾಗ ಟೈರಿನ ಅಂಚೇ ರಸ್ತೆಗೆ ತಾಗುತ್ತದೆ. ಅಲ್ಲಿ ಆ ಜಿಡ್ಡು ಇದ್ದರೆ ಬೈಕ್ ಜಾರುತ್ತದೆ. ಬೈಕಿನ ಟೈರಿಗೆ ಟೈರ್ ಪಾಲಿಶ್ ಬೇಡವೇ ಬೇಡ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಶಾಂಪೂ ಹಾಕಿ ಬ್ರಷ್‌ನಲ್ಲಿ ಉಜ್ಜಿದರೆ ಟೈರ್ ಚೆನ್ನಾಗಿಯೇ ಕಪ್ಪಗೆ ಕಾಣುತ್ತದೆ.

## ಹಂತ 9: ಡಿಸ್ಕ್, ಚೈನ್ ಎಣ್ಣೆ, ಬ್ರೇಕ್ ಪರೀಕ್ಷೆ

ಶುದ್ಧ ಬಟ್ಟೆಗೆ ಬ್ರೇಕ್ ಕ್ಲೀನರ್ ಹಾಕಿ ಡಿಸ್ಕಿನ ಎರಡೂ ಮುಖ ಒರೆಸಿ. ನೇರವಾಗಿ ಸಿಂಪಡಿಸಿದರೆ ರಿಮ್ಮಿನ ಬಣ್ಣ ಕೆಡಬಹುದು, ಅದಕ್ಕೇ ಬಟ್ಟೆಗೆ ಹಾಕಿ.

ಈಗ ಚೈನ್. ರಟ್ಟನ್ನು ಮತ್ತೆ ಅಡ್ಡ ಹಿಡಿದು, ಕೆಳಗಿನ ಸಾಲಿನ ಒಳಮುಖಕ್ಕೆ, ಅಂದರೆ ಸ್ಪ್ರಾಕೆಟ್ ಹಲ್ಲು ತಾಗುವ ಕಡೆಗೆ, ಲ್ಯೂಬ್ ಹಾಕುತ್ತಾ ಚಕ್ರವನ್ನು ಕೈಯಲ್ಲಿ ನಿಧಾನ ತಿರುಗಿಸಿ. ಲ್ಯೂಬ್ ಬದಲು 90 ನಂಬರ್ ಗೇರ್ ಆಯಿಲ್ ಆದರೆ ಬ್ರಷ್‌ನಲ್ಲಿ ತೆಳ್ಳಗೆ. ಎಂಜಿನ್‌ನಿಂದ ತೆಗೆದ ಹಳೇ ಆಯಿಲ್ ಹಾಕಬೇಡಿ, ಅದರಲ್ಲಿ ಲೋಹದ ಪುಡಿ ಇರುತ್ತದೆ. ಹತ್ತು ನಿಮಿಷ ಬಿಟ್ಟು ಚೈನಿನ ಹೊರಮೈಯನ್ನು ಒಣ ಬಟ್ಟೆಯಲ್ಲಿ ಒರೆಸಿ. 'ಎಣ್ಣೆ ಹಾಕಿದ್ದೇ ಒರೆಸಿದರೆ ಹೇಗೆ' ಅಂತ ಅನ್ನಿಸುತ್ತದೆ. ಬೇಕಾದದ್ದು ಒಳಗೆ ಇಳಿದಿದೆ. ಹೊರಗೆ ಉಳಿದದ್ದು ರಿಮ್ಮಿಗೆ ಹಾರಲು ಕಾಯುತ್ತಿರುವ ಎಣ್ಣೆ. ಸಾಧ್ಯವಾದರೆ ಇದನ್ನು ಸಂಜೆ ಮಾಡಿ, ಬೈಕನ್ನು ಬೆಳಿಗ್ಗೆಯ ತನಕ ತೆಗೆಯಬೇಡಿ.

ಹೊರಡುವ ಮೊದಲು ಎರಡೂ ಬ್ರೇಕ್ ನಾಲ್ಕೈದು ಸಲ ಒತ್ತಿ. ಮನೆ ಮುಂದಿನ ರಸ್ತೆಯಲ್ಲೇ ನಿಧಾನವಾಗಿ ಓಡಿಸಿ ಬ್ರೇಕ್ ಹಿಡಿದು ನೋಡಿ. ಒದ್ದೆ ಬ್ರೇಕ್ ಮೊದಲ ಒಂದೆರಡು ಸಲ ಸರಿಯಾಗಿ ಹಿಡಿಯುವುದಿಲ್ಲ. ತೊಳೆದ ಮರುದಿನ ಡಿಸ್ಕ್ ಮೇಲೆ ತೆಳುವಾದ ಕಿತ್ತಳೆ ಪದರ ಕಂಡರೆ ಗಾಬರಿ ಬೇಡ, ಒಂದೆರಡು ಸಲ ಬ್ರೇಕ್ ಹಿಡಿದರೆ ಹೋಗುತ್ತದೆ.

## ಒರೆಸುವಾಗ ಇವು ಕಂಡರೆ ಮೆಕ್ಯಾನಿಕ್ ಹತ್ತಿರ ಹೋಗಿ

ಚಕ್ರವನ್ನು ಇಷ್ಟು ಹತ್ತಿರದಿಂದ ಬೇರೆ ಯಾವಾಗಲೂ ನೋಡುವುದಿಲ್ಲ. ಕೊಳೆ ಹೋದ ಮೇಲೆ ಕಾಣುವ ಕೆಲವು ಗುರುತುಗಳನ್ನು ಕಡೆಗಣಿಸಬೇಡಿ.

ಅಲಾಯ್ ಮೇಲೆ ಒರೆಸಿದರೂ ಹೋಗದ ಸಣ್ಣ ಗೆರೆ. ಅದರ ಮೇಲೆ ಉಗುರು ಎಳೆಯಿರಿ. ಸಿಕ್ಕಿಕೊಂಡರೆ ಬಿರುಕಿರಬಹುದು, ಅದರಲ್ಲೂ ಹೊಂಡಕ್ಕೆ ಬಿದ್ದು ಬಂದ ಬೈಕಾದರೆ. ತೋರಿಸುವ ತನಕ ಓಡಿಸಬೇಡಿ.

ಹಬ್‌ನಿಂದ ರಿಮ್ ಕಡೆಗೆ ಸೂರ್ಯನ ಕಿರಣದ ಹಾಗೆ ಹರಡಿದ ಗ್ರೀಸ್ ಗೆರೆಗಳು ಬೇರಿಂಗ್ ಸೀಲ್ ಹೋಗಿರುವ ಸೂಚನೆ. ಮುಂದಿನ ಚಕ್ರದ ಮೇಲೆ ಎಣ್ಣೆ ಇದ್ದರೆ ಫೋರ್ಕ್ (ಮುಂದಿನ ಶಾಕ್ ಅಬ್ಸಾರ್ಬರ್) ಸೀಲ್ ನೋಡಿಸಿ, ಆ ಎಣ್ಣೆ ಡಿಸ್ಕಿಗೆ ಇಳಿದರೆ ಅಪಾಯ. ಡಿಸ್ಕನ್ನು ಒತ್ತಿ ಹಿಡಿಯುವ ಕ್ಯಾಲಿಪರ್ ಕೆಳಗೆ ಬಣ್ಣ ಬೊಬ್ಬೆ ಎದ್ದಿದ್ದರೆ ಬ್ರೇಕ್ ಆಯಿಲ್ ಸೋರುತ್ತಿರಬಹುದು. ಬ್ರೇಕ್ ಆಯಿಲ್ ಬಣ್ಣವನ್ನು ತಿನ್ನುತ್ತದೆ, ಕೂಡಲೇ ನೀರಲ್ಲಿ ತೊಳೆದು ಬೈಕನ್ನು ತೋರಿಸಿ.

ಸ್ಪೋಕ್‌ಗಳನ್ನು ಒಂದೊಂದಾಗಿ ಸ್ಪ್ಯಾನರ್‌ನಿಂದ ಮೆಲ್ಲಗೆ ತಟ್ಟಿ. ಬಿಗಿಯಾಗಿದ್ದರೆ 'ಟಿಂಗ್' ಅನ್ನುತ್ತದೆ. 'ಟಪ್' ಅಂದರೆ ಸಡಿಲ. ನೀವೇ ತಿರುಗಿಸಬೇಡಿ, ಒಂದನ್ನು ಬಿಗಿ ಮಾಡಿದರೆ ರಿಮ್ ಒಂದು ಕಡೆ ಎಳೆದುಕೊಂಡು ಆಟ ಕೊಡುತ್ತದೆ. ಬೆಂಡ್ ತೆಗೆಯುವವರ ಹತ್ತಿರ ಹೋಗಿ.

## ಊರು, ಕಾಲ ನೋಡಿಕೊಂಡು

ಕರಾವಳಿಯಲ್ಲಿ ಇರುವವರು ವಾರವಿಡೀ ಕಾಯಬಾರದು. ಮಲ್ಪೆ, ಪಣಂಬೂರು, ಕಾರವಾರದ ಕಡಲ ತೀರಕ್ಕೆ ಹೋಗಿ ಬಂದರೆ ಅವತ್ತೇ ಸಿಹಿನೀರಲ್ಲಿ ಚಕ್ರ ತೊಳೆದು ಒರೆಸಿ. ಶಾಂಪೂ ಬೇಕಿಲ್ಲ, ಉಪ್ಪು ಹೋದರೆ ಸಾಕು.

ಮಲೆನಾಡಿನ ಮಳೆಗಾಲದಲ್ಲಿ ದಿನಾ ತೊಳೆದು ಪ್ರಯೋಜನ ಇಲ್ಲ. ಸಂಜೆ ಮನೆಗೆ ಬಂದು ಒಂದು ಬಕೆಟ್ ನೀರು ಹಾಕಿ, ಹಬ್ ಮತ್ತು ಸ್ಪ್ರಾಕೆಟ್ ಹಿಂದೆ ಮೆತ್ತಿದ ಕೆಸರು ಬಿಡಿಸಿ. ಮೈಗೆ ತಾಗುವ ಹಾಗೆ ಟಾರ್ಪಾಲ್ ಬಿಗಿದು ಮುಚ್ಚಬೇಡಿ. ಒಳಗೆ ತೇವ ನಿಂತು ತುಕ್ಕು ಇನ್ನೂ ಬೇಗ ಬರುತ್ತದೆ.

ಇನ್ನು ಆಯುಧ ಪೂಜೆ. ವರ್ಷದಲ್ಲಿ ಚಕ್ರ ಅತಿ ಹೆಚ್ಚು ಹೊಳೆಯುವ ದಿನ ಅದು, ಕಲೆ ಬೀಳುವ ದಿನವೂ ಅದೇ. ಪೂಜೆಯ ಹಿಂದಿನ ದಿನ ಮೇಲಿನ ಎಲ್ಲ ಹಂತ ಮುಗಿಸಿ ವ್ಯಾಕ್ಸ್ ಹಚ್ಚಿಡಿ. ಅರಿಶಿನ ಕುಂಕುಮ ರಿಮ್ಮಿಗೆ ಹಿಡಿಯುವುದಿಲ್ಲ. ಚಕ್ರದಡಿ ನಿಂಬೆಹಣ್ಣು ಇಟ್ಟು ಬೈಕ್ ಹತ್ತಿಸಿದಾಗ ರಸ ರಿಮ್ಮಿಗೆ ಸಿಡಿಯುತ್ತದೆ. ಪೂಜೆ ಮುಗಿಸಿ ಒಂದು ಸುತ್ತು ಹೋಗಿ ಬಂದ ಮೇಲೆ ಒದ್ದೆ ಬಟ್ಟೆಯಲ್ಲಿ ಆ ಜಾಗ ಒರೆಸಿಬಿಡಿ. ಬೂದುಗುಂಬಳ ಒಡೆಯುವುದಾದರೆ ಬೈಕಿನಿಂದ ಸ್ವಲ್ಪ ದೂರ ಒಡೆಯಿರಿ. ಡಿಸ್ಕ್ ಮೇಲೆ ಕುಂಕುಮ, ಗಂಧ ಹಚ್ಚಬೇಡಿ, ಹ್ಯಾಂಡಲ್‌ಗೂ ಹೆಡ್‌ಲೈಟಿಗೂ ಹಚ್ಚಿ. ಬೆಳ್ಳಿ ಬಣ್ಣದ ರಿಮ್ ಮೇಲೆ ಹಳದಿ ಕಲೆ ಉಳಿದುಬಿಟ್ಟರೆ ಉಜ್ಜಬೇಕಿಲ್ಲ. ಶಾಂಪೂ ಹಾಕಿ ತೊಳೆದು ನಾಲ್ಕು ದಿನ ಬಿಸಿಲಿಗೆ ನಿಲ್ಲಿಸಿ, ಅರಿಶಿನದ ಬಣ್ಣ ಬಿಸಿಲಿಗೆ ತಾನಾಗಿ ಮಾಸುತ್ತದೆ.